ಊರಿಗಿಂತ ಜ್ವಾಲಾಮುಖಿಗಳೇ ಜಾಸ್ತಿ ಇರುವ ಕಾಮಿಗಿನ್

ಫಿಲಿಪೈನ್ಸ್‌ಗೆ ಹೋಗ್ತೀನಿ ಅಂದ್ರೆ ಎಲ್ಲರೂ ಬೀಚಿಗೆ ಹೆಸರಾದ ಬೊರಾಕಾಯ್ ದ್ವೀಪದ ಹೆಸರೇ ಹೇಳ್ತಾರೆ. ಹೋಗಲಿ ಬಿಡಿ. ನಾನು ಹೋಗಿದ್ದು ಕಾಮಿಗಿನ್‌ಗೆ. ಮಿಂಡನಾವೊ ಅನ್ನುವ ದೊಡ್ಡ ದ್ವೀಪದ ಉತ್ತರಕ್ಕೆ, ಬೊಹೋಲ್ ಸಮುದ್ರದಲ್ಲಿರುವ ಪುಟ್ಟ ದ್ವೀಪ ಇದು, ಆದರೆ ಇದೇ ಒಂದು ಪೂರ್ತಿ ಪ್ರಾಂತ್ಯ. ಸುತ್ತಲಿನ ರಸ್ತೆ ಸುಮಾರು 64 ಕಿ.ಮೀ. ಅಂದ್ರೆ ಕಲಬುರಗಿಯಿಂದ ಹುಮನಾಬಾದ್ ಮುಟ್ಟುವಷ್ಟು ಹೊತ್ತಿಗೆ ಅಲ್ಲಿ ಇಡೀ ಪ್ರಾಂತ್ಯ ಒಂದು ಸುತ್ತು ಮುಗಿದಿರುತ್ತದೆ.

ಪಟ್ಟಣಗಳು ಐದೇ. ಜ್ವಾಲಾಮುಖಿಗಳು ಅದಕ್ಕಿಂತ ಜಾಸ್ತಿ! ದೊಡ್ಡ ಹೆಸರಿನದು ಹಿಬೋಕ್-ಹಿಬೋಕ್, 1,332 ಮೀಟರ್. 1951ರ ಡಿಸೆಂಬರ್‌ನಲ್ಲಿ ಅದರಿಂದ ಕಾದ ಬೂದಿ, ಅನಿಲ ಕೆಳಗೆ ನುಗ್ಗಿ ನೂರಾರು ಜನ ಸತ್ತರು. ಅದಾದ ಮೇಲೆಯೇ ಅಲ್ಲಿನ ಸರ್ಕಾರ ಜ್ವಾಲಾಮುಖಿಗಳ ಮೇಲೆ ಕಣ್ಣಿಡಲು ಬೇರೆ ಸಂಸ್ಥೆ ಮಾಡಿದ್ದು. ಇವತ್ತು ಅದೇ ಬೆಟ್ಟದ ಬುಡದಲ್ಲಿ ಜನ ಬಟ್ಟೆ ಒಣಹಾಕಿಕೊಂಡು, ಕೋಳಿ ಸಾಕಿಕೊಂಡು ಆರಾಮಾಗಿ ಇದ್ದಾರೆ.

ಆ ಐದರಲ್ಲಿ ಒಂದಾದ ಕಟಾರ್ಮನ್ ಪಟ್ಟಣದ ಹತ್ತಿರ ಸಮುದ್ರದೊಳಗೆ ಒಂದು ದೊಡ್ಡ ಶಿಲುಬೆ ನಿಂತಿದೆ. 1871ರಲ್ಲಿ ಶುರುವಾದ ಇನ್ನೊಂದು ಜ್ವಾಲಾಮುಖಿಯ ಸ್ಫೋಟಕ್ಕೆ ಹಳೆಯ ಊರಿನ ಸ್ಮಶಾನ ನೀರಿಗಿಳಿಯಿತು, ಅದರ ಗುರುತು ಈ ಶಿಲುಬೆ. ಎಲ್ಲರೂ ಅಲ್ಲಿ ಫೋಟೋ ತೆಗೆದು ಹೊರಡುತ್ತಾರೆ. ನನಗೆ ಅದಕ್ಕಿಂತ ಹಿಡಿಸಿದ್ದು ಅದೇ ಊರಿನ ಗುಯೋಬ್ ಚರ್ಚು. ಚಾವಣಿ ಇಲ್ಲ, ಪಾಚಿ ಹಿಡಿದ ದಪ್ಪ ಕಲ್ಲಿನ ಗೋಡೆಗಳು ಮಾತ್ರ ಉಳಿದಿವೆ. ಅಲ್ಲಿ ಗದ್ದಲ ಇರಲಿಲ್ಲ, ಸುಮ್ನೆ ಕೂತಿದ್ದೆ.

ವೈಟ್ ಐಲ್ಯಾಂಡ್ ಅಂತ ಒಂದು ಬಿಳಿ ಮರಳಿನ ದಿಬ್ಬ ಇದೆ, ಅಲೆ ಹೇಗೆ ತಳ್ಳುತ್ತದೋ ಹಾಗೆ ಅದರ ಆಕಾರ ಬದಲಾಗುತ್ತಿರುತ್ತದೆ. ಒಂದು ಮರವೂ ಇಲ್ಲ. ನಮ್ಮ ಕಡೆಯ ಬಿಸಿಲು ಕಂಡವರೂ ಬೆಳಗ್ಗೆ ಬೇಗ ಹೋಗಿ ಬರುವುದು ಒಳ್ಳೆಯದು. ಕಾಟಿಬವಾಸನ್ ಜಲಪಾತ ಸುಮಾರು 70 ಮೀಟರ್ ಎತ್ತರದಿಂದ ಬೀಳುತ್ತದೆ, ಚೆನ್ನಾಗಿದೆ. ಆದರೆ ಮಜಾ ಇರುವುದು ಬುಗ್ಗೆಗಳಲ್ಲಿ. ಇಷ್ಟೇ ಇಷ್ಟು ದ್ವೀಪದಲ್ಲಿ ಒಂದು ಕಡೆ ಬೆಟ್ಟದ ಶಾಖಕ್ಕೆ ಕಾದ ನೀರು, ಇನ್ನೊಂದು ಕಡೆ ಸಾಂಟೊ ನಿನ್ಯೊದಲ್ಲಿ ಹಲ್ಲು ಕಟಕಟ ಅನ್ನುವಂಥ ತಣ್ಣೀರು.

ಊಟದ ವಿಷಯ ಮೊದಲೇ ಹೇಳಿಬಿಡ್ತೀನಿ. ಶಾಕಾಹಾರಿಗಳಿಗೆ ಕಷ್ಟ. ತರಕಾರಿಯಲ್ಲೂ ಹಂದಿ ಮಾಂಸದ ಚೂರು ಬಿದ್ದಿರಬಹುದು, ಅಲ್ಲಿನ ಪಾಸ್ತೆಲ್ ಅನ್ನುವ ಸಿಹಿ ಬನ್ನಿನೊಳಗೆ ಮೊಟ್ಟೆ ಇರುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ. ಬೆಳ್ಳುಳ್ಳಿ ಹಾಕಿ ಹುರಿದ ಅನ್ನಕ್ಕೆ ಹಿಂಡಿ ಕಲಸಿ ತಿಂದ್ರೆ, ಆಹಾ!

ಹಣ್ಣು ಮಾತ್ರ ಬೇಕಾದಷ್ಟು. ಕಾಮಿಗಿನ್ ಪ್ರಸಿದ್ಧವಾಗಿರುವುದೇ ಲಾನ್ಸೋನೆಸ್ ಅನ್ನುವ ಹಣ್ಣಿನಿಂದ. ಗೊಂಚಲಾಗಿ ಬರುತ್ತದೆ, ತೆಳು ಕಂದು ಸಿಪ್ಪೆ, ಒಳಗೆ ನೀರು ತುಂಬಿದ ಬಿಳಿ ತೊಳೆಗಳು. ಬೀಜ ಕಚ್ಚಬೇಡಿ, ಕಹಿ. ಅಕ್ಟೋಬರ್‌ನಲ್ಲಿ ಅದಕ್ಕೊಂದು ಹಬ್ಬವನ್ನೇ ಮಾಡ್ತಾರೆ. ಇಷ್ಟು ಸಿಹಿ ಯಾಕೆ ಅಂತ ಕೇಳಿದ್ರೆ ಜನ ಜ್ವಾಲಾಮುಖಿಯ ಮಣ್ಣಿನ ಕಡೆ ಕೈ ತೋರಿಸ್ತಾರೆ.

ಆಳಂದ ಕಡೆ ತೊಗರಿ ಬೆಳೆಯುವ ನಮ್ಮ ಕಾಕಾಗೆ ಫೋಟೋ ತೋರಿಸುವಾಗ ಇದನ್ನೇ ಹೇಳಿದೆ. ಸಮುದ್ರದ ಫೋಟೋಗಳನ್ನು ಅವರು ಬೇಗ ಬೇಗ ಸರಿಸಿದರು, ಹೊಲದ ಫೋಟೋ ಬಂದಾಗ ನಿಂತರು. ನಮ್ಮ ಎರೆ ಮಣ್ಣೂ ಸುಮಾರು 6.6 ಕೋಟಿ ವರ್ಷದ ಹಿಂದೆ ದಖನ್‌ನಲ್ಲಿ ಹರಿದ ಲಾವಾ ಕಲ್ಲಾಗಿ, ಆ ಕಲ್ಲು ಸವೆದು ಆದದ್ದು ಅಂದೆ. ನಮ್ಮ ಬೆಂಕಿ ಯಾವಾಗಲೋ ಆರಿದೆ, ಅವರದು ಇನ್ನೂ ಇದೆ, ಅಷ್ಟೇ ಫರಕು. ಕಾಕಾ ನಂಬಿದರೋ ಇಲ್ಲವೋ. "ಆ ಗಿಡ ನಮ್ಮಲ್ಲಿ ಹತ್ತತದೇನು?" ಅಂತ ಕೇಳಿದರು. ವರ್ಷಪೂರ್ತಿ ಮಳೆ ಬೇಕು ಕಾಕಾ ಅಂದೆ. "ಹಂಗಾದ್ರ ಬಿಡು" ಅಂದು ಫೋನ್ ವಾಪಸ್ ಕೊಟ್ಟರು.

ಹೋಗುವವರು ಸೆಬು ನಗರದಿಂದ ಸಣ್ಣ ವಿಮಾನ ಹಿಡಿಯಬಹುದು, ಇಲ್ಲವೇ ಮಿಂಡನಾವೊದ ಕಗಾಯನ್ ದೆ ಓರೊ ನಗರದ ತನಕ ಹೋಗಿ, ಬಸ್ಸಿನಲ್ಲಿ ಬಾಲಿಂಗೋವಾನ್ ಬಂದರಿಗೆ ಬಂದು, ಅಲ್ಲಿಂದ ಕಾಮಿಗಿನ್‌ನ ಬೆನೋನಿ ಬಂದರಿಗೆ ದೋಣಿ ಹತ್ತಬಹುದು. ನನ್ನ ಕೇಳಿದ್ರೆ ದೋಣಿಯೇ ಸರಿ, ಹತ್ತಿರ ಬರುತ್ತಿದ್ದಂತೆ ಬೆಟ್ಟಗಳು ಒಂದೊಂದಾಗಿ ಬೇರೆಯಾಗಿ ಕಾಣುತ್ತವೆ. ಲಾನ್ಸೋನೆಸ್ ತಿನ್ನಬೇಕು ಅಂದ್ರೆ ಅಕ್ಟೋಬರ್‌ಗೆ ಹೊರಡಿ. ಹಬ್ಬದ ವಾರ ರೂಮ್ ಸಿಗೋದು ಕಷ್ಟ, ಮೊದಲೇ ಬುಕ್ ಮಾಡಿಕೊಳ್ಳಿ.