ನಿನ್ನಿಷ್ಟ

2019ರ ಏಪ್ರಿಲ್, ಬೆಳಗಿನ ಜಾವ. ಗಂಡ ನನ್ನನ್ನು ಕೆಂಪೇಗೌಡ ವಿಮಾನ ನಿಲ್ದಾಣದ ಬಾಗಿಲ ಹತ್ತಿರ ಇಳಿಸಿದ. ಡಿಕ್ಕಿಯಿಂದ ಎರಡು ಸೂಟ್‌ಕೇಸ್ ತೆಗೆದು ಟ್ರಾಲಿಗೆ ಹಾಕಿದ. ‘ತಲುಪಿದ ಮೇಲೆ ಫೋನ್ ಮಾಡು’ ಅಂದ. ಅಲ್ಲಿ ಕಾರು ಜಾಸ್ತಿ ಹೊತ್ತು ನಿಲ್ಲಿಸುವ ಹಾಗಿಲ್ಲ. ಹೊರಟುಬಿಟ್ಟ.

ಕೆಲಸದ ಮೇಲೆ ಎರಡು ವರ್ಷಕ್ಕೆ ಪುಣೆಗೆ ಹೊರಟಿದ್ದೆ. ಹೋಗಲಾ ಅಂತ ಅವನನ್ನು ಕೇಳಿದಾಗ ‘ನಿನ್ನಿಷ್ಟ’ ಅಂದಿದ್ದ. ಆ ಒಂದು ಮಾತು ಒಂದು ತಿಂಗಳು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಬೇಡ ಅನ್ನಬಾರದಿತ್ತಾ?

ಒಳಗೆ ಹೋದ ಮೇಲೂ ತಿರುಗಿ ತಿರುಗಿ ನೋಡಿದೆ. ಬೋರ್ಡಿಂಗ್ ಶುರುವಾದಾಗ ಬೇಕಂತಲೇ ಸಾಲಿನ ಕೊನೆಯಲ್ಲಿ ನಿಂತೆ. ಟಿಕೆಟ್ ಇಲ್ಲದವರನ್ನು ಕಾವಲಿಗಿರುವ ಸಿಐಎಸ್‌ಎಫ್‌ನವರು ಹೊರಬಾಗಿಲಲ್ಲೇ ತಡೆಯುತ್ತಾರೆ. ಗೇಟಿನ ತನಕ ಯಾರೂ ಓಡಿ ಬರಲು ಆಗುವುದಿಲ್ಲ. ಅದು ಚೆನ್ನಾಗಿ ಗೊತ್ತಿದ್ದೂ ಕಾದೆ.

ಯಾಕೆ ಕಾದೆ ಅಂತ ಯೋಚಿಸಿದರೆ ದಾವಣಗೆರೆಯ ಹಾಸ್ಟೆಲ್ ನೆನಪಾಗುತ್ತದೆ. ಪೆನ್ ಡ್ರೈವ್‌ನಲ್ಲಿ ಬಂದ ‘ಫ್ರೆಂಡ್ಸ್’ ಅನ್ನುವ ಅಮೆರಿಕದ ಸಿಟ್‌ಕಾಮ್ ಅನ್ನು, ಅಂದರೆ ಟೀವಿಯ ಹಾಸ್ಯ ಧಾರಾವಾಹಿಯನ್ನು, ನಾಲ್ಕು ಹುಡುಗಿಯರು ಒಂದೇ ಮಂಚದ ಮೇಲೆ ಒತ್ತಿಕೊಂಡು ಕೂತು ನೋಡಿದ್ದೆವು. ಹತ್ತು ಸೀಸನ್, 236 ಕಂತು. ಕೊನೆಯಲ್ಲಿ ರೇಚಲ್ ಕೆಲಸಕ್ಕಾಗಿ ಪ್ಯಾರಿಸ್‌ಗೆ ಹೊರಡುತ್ತಾಳೆ. ಅವಳನ್ನು ಪ್ರೀತಿಸುವ ರಾಸ್ ಮೊದಲು ತಪ್ಪು ವಿಮಾನ ನಿಲ್ದಾಣಕ್ಕೆ ಹೋಗುತ್ತಾನೆ. ಅಲ್ಲಿಂದ ನೆವಾರ್ಕ್ ನಿಲ್ದಾಣಕ್ಕೆ ಧಾವಿಸಿ, ಗೇಟಿನ ಹತ್ತಿರ ಅವಳನ್ನು ಕಂಡು ‘ಹೋಗಬೇಡ’ ಅಂತ ಬೇಡಿಕೊಳ್ಳುತ್ತಾನೆ. ಅವಳು ವಿಮಾನ ಹತ್ತುತ್ತಾಳೆ, ಆಮೇಲೆ ಇಳಿದು ಬರುತ್ತಾಳೆ. ನಾವು ನಾಲ್ವರೂ ಅತ್ತಿದ್ದೆವು. ಪ್ರೀತಿ ಇದ್ದರೆ ಹೀಗಿರಬೇಕು ಅಂತ ಆವತ್ತೇ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಪ್ಯಾರಿಸ್‌ನ ಕೆಲಸದ ಗತಿ ಏನು ಅಂತ ನಮ್ಮಲ್ಲಿ ಒಬ್ಬಳೂ ಕೇಳಲಿಲ್ಲ. ಎಲ್ಲರೂ ಎಂಜಿನಿಯರಿಂಗ್ ಓದುತ್ತಿದ್ದವರು, ಒಳ್ಳೆಯ ಕೆಲಸ ಹಿಡಿಯಬೇಕು ಅಂತ ರಾತ್ರಿ ನಿದ್ದೆಗೆಟ್ಟವರು. ಈಗ ನೆನೆದರೆ ಸಂಕಟವಾಗುತ್ತದೆ.

ಪುಣೆಯಲ್ಲಿ ಇಳಿದು ಫೋನ್ ಮಾಡಿದೆ. ಮಾತಿಗಿಂತ ಮೊದಲು ಅಳು ಬಂತು. ‘ಒಂದು ಸಲ ಹೋಗಬೇಡ ಅಂದಿದ್ರೆ ಏನಾಗ್ತಿತ್ತು?’

ಅವನಿಗೆ ಗಾಬರಿ. ‘ನೀನೇ ಆಸೆಪಟ್ಟು ಇಂಟರ್‌ವ್ಯೂ ಕೊಟ್ಟಿದ್ದೆ ಅಲ್ವಾ? ನಾನ್ಯಾಕೆ ಬೇಡ ಅನ್ಲಿ? ನಿಂಗೆ ಹೀಗನ್ಸುತ್ತೆ ಅಂತ ನಂಗೆ ಹೇಗೆ ಗೊತ್ತಾಗಬೇಕು?’

ಆ ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಟ್‌ಕಾಮ್ ನೋಡುವಾಗ ನಮಗೆ ಎಲ್ಲರ ಮನಸ್ಸೂ ಗೊತ್ತಿರುತ್ತದೆ. ರಾಸ್ ಗೆಳೆಯರ ಮುಂದೆ ಹೇಳಿಕೊಂಡದ್ದೂ ಕೇಳಿಸುತ್ತದೆ, ರೇಚಲ್ ಗೆಳತಿಯರ ಹತ್ತಿರ ಹೇಳಿಕೊಂಡದ್ದೂ ಕೇಳಿಸುತ್ತದೆ. ಹಾಗೆ ನೋಡಿ ನೋಡಿ, ನನ್ನ ಮನಸ್ಸೂ ಅವನಿಗೆ ಕಾಣುತ್ತಿದೆ ಅಂತಲೇ ಅಂದುಕೊಂಡಿದ್ದೆ. ಬಾಯಿಬಿಟ್ಟು ಹೇಳಿರಲೇ ಇಲ್ಲ.

ಅಲ್ಲಿ ಒಂದು ಕಂತು ಸುಮಾರು 22 ನಿಮಿಷ. ಅಷ್ಟರಲ್ಲಿ ಜಗಳ ಹುಟ್ಟಬೇಕು, ಯಾರಾದರೂ ಕಣ್ಣು ತುಂಬಿಸುವ ನಾಲ್ಕು ಮಾತಾಡಬೇಕು, ತಬ್ಬಿಕೊಳ್ಳಬೇಕು. ಆ ನಾಲ್ಕು ಮಾತು ಬರೆಯಲು ಒಂದು ಕೋಣೆ ತುಂಬ ಬರಹಗಾರರಿದ್ದರು. ಅಮೆರಿಕದ ಬರ್‌ಬ್ಯಾಂಕ್‌ನ ಸ್ಟುಡಿಯೋದಲ್ಲಿ ಎದುರಿಗೆ ಕೂತ ಪ್ರೇಕ್ಷಕರು ನಗದಿದ್ದರೆ, ಅಲ್ಲೇ ಮಾತು ಬದಲಿಸಿ ಇನ್ನೊಮ್ಮೆ ಶೂಟ್ ಮಾಡುತ್ತಿದ್ದರು. ನನ್ನ ಗಂಡ ಮಾತು ಕಡಿಮೆ ಇದ್ದ ಮನೆಯಲ್ಲಿ ಬೆಳೆದವನು. ಅವನಿಗೆ ಬರೆದುಕೊಡುವವರು ಯಾರಿದ್ದರು?

ಆಮೇಲೆ ದಿನಾ ರಾತ್ರಿ ಊಟವಾದ ಮೇಲೆ ಫೋನ್. ಅವನು ಏನು ಹೇಳುತ್ತಾನೋ ಅಂತ ಕಾಯುವುದನ್ನು ಬಿಟ್ಟು, ನನಗೆ ಅನ್ನಿಸಿದ್ದನ್ನು ನಾನೇ ಹೇಳತೊಡಗಿದೆ. ಒಬ್ಬಳೇ ಉಣ್ಣುವುದು ಕಷ್ಟ ಅಂತ, ಕೆಲಸ ಮಾತ್ರ ತುಂಬಾ ಇಷ್ಟ ಅಂತ. ಅವನು ಗ್ಯಾಸ್ ಖಾಲಿಯಾದದ್ದು, ನೀರಿನ ಟ್ಯಾಂಕರ್ ಬಾರದೇ ಹೋದದ್ದು ಹೇಳುತ್ತಿದ್ದ.

17ನೇ ದಿನ ಟ್ಯಾಂಕರ್ ಲೆಕ್ಕ ಹೇಳುತ್ತಿದ್ದವನು ನಡುವೆ ಸುಮ್ಮನಾದ. ನಾನೂ ಸುಮ್ಮನಿದ್ದೆ.

‘ಆವತ್ತು ತುಂಬಾ ಬೇಜಾರಾಗಿತ್ತು ಕಣೇ. ಹೇಳಿದ್ರೆ ನೀನು ಹೋಗಲ್ಲ ಅಂತ ಸುಮ್ನಿದ್ದೆ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ಟ್ಯಾಂಕರ್‌ನವನಿಗೆ ಎಷ್ಟು ಕೊಟ್ಟೆ ಅನ್ನುವುದನ್ನು ಮುಂದುವರಿಸಿದ.