ಎತ್ತು ಏರಿಗೆ, ಕೋಣ ನೀರಿಗೆ: ನನ್ನ ಮೊದಲ ರೋಡ್ ಬೈಕಿನ ಗೇರ್ ಪುರಾಣ

ಕೊನೆಗೂ ನನ್ನ ರೋಡ್ ಬೈಕಿನ (ಡಾಂಬರು ರಸ್ತೆಯ ತೆಳು ಟೈರಿನ ಸೈಕಲ್) ಒಂಬತ್ತು ಗೇರೂ ಬೀಳುತ್ತಿವೆ. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಬಾಲ್ಕನಿಯಲ್ಲಿ ಕೂತು, ಒಂದು ಕೈಯಲ್ಲಿ ಪೆಡಲ್ ತಿರುಗಿಸುತ್ತಾ ಒಂದೊಂದೇ ಕ್ಲಿಕ್ ಎಣಿಸಿದೆ. ಮೂರು ವಾರದ ಗೋಳು ಮುಗಿಯಿತು.

ಬೈಕ್ ತಗೊಂಡ ಕಥೆ ಚಿಕ್ಕದು. ಬಜೆಟ್ ಮೂವತ್ತು ಸಾವಿರ, ಸೆಕೆಂಡ್ ಹ್ಯಾಂಡೇ ಅಂತ ಮೊದಲೇ ನಿರ್ಧಾರ. ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್, ಶಿಮಾನೊ ಕಂಪನಿಯ ಹಳೆ 9 ಸ್ಪೀಡ್ (ಹಿಂದೆ ಒಂಬತ್ತು ಗೇರ್) ಸೋರಾ ಗೇರ್ ಸೆಟ್, ಪೆಡಲ್ ಬಳಿ 50 ಮತ್ತು 34 ಹಲ್ಲಿನ ಎರಡು ಚಕ್ರಗಳ ಕ್ರ್ಯಾಂಕ್, ಹಿಂದೆ 11ರಿಂದ 28 ಹಲ್ಲಿನವರೆಗಿನ ಹಲ್ಲುಚಕ್ರಗಳ ಗೊಂಚಲು, ಅಂದರೆ 11-28 ಕ್ಯಾಸೆಟ್. ರಿಮ್ ಬ್ರೇಕ್. ನನ್ನಂತೆ ಎಂಟಿಬಿ (ಮೌಂಟನ್ ಬೈಕ್, ಗುಡ್ಡಗಾಡಿನ ಸೈಕಲ್) ಓಡಿಸುವವರಿಗೆ ರಿಮ್ ಬ್ರೇಕ್ ಅಂದರೆ ಅಜ್ಜನ ಕಾಲದ್ದು. ಆದರೆ ಅದೇ ದುಡ್ಡಿಗೆ ಡಿಸ್ಕ್ ಬೇಕೆಂದರೆ ಉಳಿದದ್ದೆಲ್ಲ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಡಾಂಬರು ರಸ್ತೆಗೆ ಇಷ್ಟು ಸಾಕು ಅಂತ ಮನಸ್ಸಿಗೆ ಹೇಳಿಕೊಂಡೆ.

ಸೈಜ್ ನೋಡುವಾಗ ಮಾತ್ರ ಮೋಸ ಹೋಗುವುದರಲ್ಲಿದ್ದೆ. ನನ್ನ ಹಾರ್ಡ್‌ಟೇಲ್‌ನ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಎಂಟಿಬಿ) ರೀಚ್, ಅಂದರೆ ಪೆಡಲ್ ನಡುವಿನಿಂದ ಫ್ರೇಮ್ ಮುಂದಕ್ಕೆ ಚಾಚುವ ಉದ್ದ, 450 ಮಿ.ಮೀ., ಇದರದ್ದು 383. ಇದು ಮಕ್ಕಳ ಸೈಕಲ್ ಅಂತ ಬಿಟ್ಟು ಬರುವವನಿದ್ದೆ. ಆಮೇಲೆ ತಲೆಗೆ ಹೊಳೆಯಿತು: ಅಲ್ಲಿ ಸ್ಟೆಮ್ (ಹ್ಯಾಂಡಲ್ ಹಿಡಿಯುವ ಕೊಂಡಿ) 45, ಇಲ್ಲಿ 100, ಅದರ ಮೇಲೆ ಡ್ರಾಪ್ ಬಾರ್ (ಕೆಳಕ್ಕೆ ಬಾಗಿದ ಹ್ಯಾಂಡಲ್) ಇನ್ನೊಂದು 80 ಮಿ.ಮೀ. ಮುಂದೆ ಚಾಚುತ್ತದೆ. ಕೂತು ನೋಡಿದರೆ ಕೈ ಹಾರ್ಡ್‌ಟೇಲ್‌ಗಿಂತ ಮುಂದೆ! 90ರ ಸ್ಟೆಮ್ ಹಾಕಿದೆ. ಪೆಡಲ್, ಶೂ ಎರಡೂ ಎಂಟಿಬಿಯದ್ದೇ ನಡೆಯುತ್ತವೆ, ಸುಮ್ನೆ ಹೊಸದಕ್ಕೆ ಯಾಕೆ ಖರ್ಚು, ಅಲ್ವಾ?

ತಲೆನೋವು ಶುರುವಾದದ್ದು ನಂದಿ ಬೆಟ್ಟದಲ್ಲಿ. ಹಾರ್ಡ್‌ಟೇಲ್‌ನಲ್ಲಿ ಮುಂದೆ 32, ಹಿಂದೆ 46 ಹಲ್ಲು ಹಾಕಿಕೊಂಡು ಗಿರಗಿರ ತಿರುಗಿಸಿ ಅಭ್ಯಾಸವಾದ ಕಾಲು ನನ್ನದು. ಗಂಟೆಗೆ 8 ಕಿ.ಮೀ.ನಲ್ಲಿ ಹತ್ತಿದರೆ ಅದರಲ್ಲಿ ನಿಮಿಷಕ್ಕೆ 84 ಸುತ್ತು. 34/28ರಲ್ಲಿ ಅದೇ ವೇಗಕ್ಕೆ ಬರೀ 51. ಮಂಡಿ ಮಾತಾಡತೊಡಗಿತು. 11-34 ಕ್ಯಾಸೆಟ್ ಹಾಕಿದರೆ 62ಕ್ಕೆ ಬರುತ್ತದೆ. ಆರ್ಡರ್ ಮಾಡಿದೆ.

ಬಂದ ಡಬ್ಬದ ಮೇಲೆ 9 ಸ್ಪೀಡ್, ಒಳಗೆ 8 ಸ್ಪೀಡ್. ಫೋನ್ ಮಾಡಿದರೆ "ಎರಡೂ ಒಂದೇ ಸರ್, ಅಡ್ಜಸ್ಟ್ ಆಗುತ್ತೆ" ಅಂದ ಪುಣ್ಯಾತ್ಮ. ಗೇರೇನು ಬಸ್ ಸೀಟಾ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಕೆ? ಬದಲಾಗಿ ಬರಲು ಹನ್ನೆರಡು ದಿನ.

ಹೊಸ ಕ್ಯಾಸೆಟ್‌ಗೆ ಹಳೆ ಸೋರಾದ ಗಿಡ್ಡ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಒಗ್ಗಲಿಲ್ಲ. ಅದನ್ನು ಕ್ಯಾಸೆಟ್‌ನಿಂದ ದೂರ ಸರಿಸುವ ಬಿ-ಸ್ಕ್ರೂ ಪೂರ್ತಿ ಒಳಗೆ ಹೋದರೂ ಅದರ ಮೇಲಿನ ಪುಲ್ಲಿ (ಚೈನ್ ಹಾಯುವ ಪುಟ್ಟ ಚಕ್ರ) 34ರ ಹಲ್ಲಿಗೆ ಕಿರ್ ಅನ್ನುತ್ತಿತ್ತು. ಪೆಟ್ಟಿಗೆಯಲ್ಲಿ ಹಾರ್ಡ್‌ಟೇಲ್‌ನಿಂದ ಬಿಚ್ಚಿಟ್ಟ 10 ಸ್ಪೀಡ್ ಡಿಯೋರ್ ಇತ್ತು, ಶಿಮಾನೊದ್ದೇ ಎಂಟಿಬಿ ಡಿರೇಲರ್. "ಎಷ್ಟು ಸ್ಪೀಡ್ ಅಂತ ಶಿಫ್ಟರ್‌ಗೆ (ಗೇರ್ ಬದಲಿಸುವ ಲಿವರ್) ಮಾತ್ರ ಗೊತ್ತು, ಡಿರೇಲರ್‌ಗೆ ಗೊತ್ತಿಲ್ಲ" ಅಂತ ನಾವೆಲ್ಲ ಹೇಳುವ ಮಾತಿದೆಯಲ್ಲ, ಅದನ್ನು ನಂಬಿ ಹಾಕಿಬಿಟ್ಟೆ.

ಮೊದಲ ಎರಡು ಗೇರ್ ಹೇಗೋ ಬಿದ್ದವು. ಮೂರನೆಯದರಲ್ಲಿ ಚೈನ್ ಎರಡು ಹಲ್ಲುಚಕ್ರಗಳ ನಡುವೆ ಕುಣಿಯತೊಡಗಿತು. ಎಂಟೂ ಕ್ಲಿಕ್ ಮುಗಿದಾಗ ನೋಡಿದರೆ ಚೈನ್ ಆರು ಮತ್ತು ಏಳರ ನಡುವೆ ತ್ರಿಶಂಕು. 34ರ ಚಕ್ರ ದೂರದಿಂದಲೇ ನಗುತ್ತಿತ್ತು. ಹ್ಯಾಂಗರ್ (ಡಿರೇಲರ್ ಫ್ರೇಮಿಗೆ ಕೂರುವ ಕೊಂಡಿ) ಬಾಗಿದೆ ಅಂತ ಗೇಜ್ ಕಡ ತಂದೆ. ನೆಟ್ಟಗೇ ಇತ್ತು. ಒಳಗಿನ ಕೇಬಲ್ ಬದಲಿಸಿದೆ, ಹೊರಗಿನದನ್ನೂ ಬದಲಿಸಿದೆ. ಕೇಬಲ್ ಬಿಗಿ ಹೊಂದಿಸುವ ಬ್ಯಾರಲ್ ಅಡ್ಜಸ್ಟರ್ ತಿರುಗಿಸಿ ತಿರುಗಿಸಿ ಬೆರಳ ತುದಿ ಕೆಂಪಾಯಿತು. ಒಂದು ಗೇರ್ ಸರಿ ಮಾಡಿದರೆ ಇನ್ನೊಂದು ಕೈಕೊಡುತ್ತಿತ್ತು.

ಕೊನೆಗೆ ವರ್ನಿಯರ್ ತಂದು ಕೇಬಲ್ ಅಳೆದೆ. ಒಂದು ಕ್ಲಿಕ್‌ಗೆ ಸೋರಾ ಶಿಫ್ಟರ್ ಎಳೆಯುವುದು ಸುಮಾರು 2.5 ಮಿ.ಮೀ. ಹಳೆ ಲೆಕ್ಕದ ಡಿರೇಲರ್ ಅದನ್ನು 1.7 ಪಟ್ಟು ಮಾಡಿ 4.3ರಷ್ಟು ಸರಿಯುತ್ತದೆ. 9 ಸ್ಪೀಡ್ ಕ್ಯಾಸೆಟ್‌ನಲ್ಲಿ ಚಕ್ರದಿಂದ ಚಕ್ರಕ್ಕೆ ಇರುವ ಅಂತರ ಅಷ್ಟೇ. ಆದರೆ 10 ಸ್ಪೀಡ್ ಎಂಟಿಬಿಗೆ ಶಿಮಾನೊ ಲೆಕ್ಕ ಬದಲಿಸಿತು: ಶಿಫ್ಟರ್ ಜಾಸ್ತಿ ಎಳೆಯಬೇಕು, ಡಿರೇಲರ್ ಬರೀ 1.2 ಪಟ್ಟು ಸರಿಯಬೇಕು. ಹಾಗಾಗಿ ನನ್ನ ಡಿಯೋರ್ ಕ್ಲಿಕ್‌ಗೆ 3 ಮಿ.ಮೀ. ಮಾತ್ರ ಸರಿಯುತ್ತಿತ್ತು. ಎಂಟು ಕ್ಲಿಕ್‌ಗೆ 24. ಬೇಕಾದದ್ದು ಸುಮಾರು 35. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನೋದು ಇದಕ್ಕೇ ಇರಬೇಕು.

ಶಿಮಾನೊದಲ್ಲಿ ರೋಡ್ ಮತ್ತು ಎಂಟಿಬಿ ಹಿಂದಿನ ಡಿರೇಲರ್ ಒಂದೇ ಲೆಕ್ಕದಲ್ಲಿ ನಡೆದದ್ದು 9 ಸ್ಪೀಡ್‌ವರೆಗೆ. ಕಡಿಮೆ ದುಡ್ಡಿನಲ್ಲಿ ಮೊದಲ ರೋಡ್ ಬೈಕ್ ಹುಡುಕುವ ಎಂಟಿಬಿಯವರಿಗೆ 9 ಸ್ಪೀಡ್ ಸೋರಾ ಚಿನ್ನ ಅಂತ ನಾನೀಗ ಹಟ ಹಿಡಿದು ಹೇಳುತ್ತೇನೆ. ಗೆಳೆಯನೊಬ್ಬನ ಅಟ್ಟದಿಂದ 9 ಸ್ಪೀಡ್ ಅಲಿವಿಯೊ ಎಂಟಿಬಿ ಡಿರೇಲರ್ ಸಿಕ್ಕಿತು. ಒಂದು ಬದಿ ಗೀರು, ಪುಲ್ಲಿಯಲ್ಲಿ ಎರಡು ವರ್ಷದ ಕೆಮ್ಮಣ್ಣು. ಸೀಮೆಎಣ್ಣೆಯಲ್ಲಿ ತೊಳೆದೆ, ಹಾಕಿದೆ. ಹಳೆ ಚೈನ್ ಗಿಡ್ಡವಾಯಿತು, ಹೊಸದು ಹಾಕಿದೆ. ಹತ್ತೇ ನಿಮಿಷದಲ್ಲಿ ಟಕ್, ಟಕ್, ಟಕ್.

ಆ ಡಿಯೋರ್ ಬಿಸಾಡಿಲ್ಲ. ಮೂಲೆಯಲ್ಲಿರುವ 26 ಇಂಚಿನ ಹಳೆ ಸ್ಟೀಲ್ ಹಾರ್ಡ್‌ಟೇಲ್‌ಗೆ ಡ್ರಾಪ್ ಬಾರ್ ಹಾಕಿ ಮಾಕಳಿದುರ್ಗದ ಕಡೆ ಮಣ್ಣುದಾರಿಗೆ ಒಯ್ಯುವ ಯೋಚನೆ ಇದೆ. ಅದರಲ್ಲಿರುವುದು ವಿ-ಬ್ರೇಕ್ (ಉದ್ದ ತೋಳಿನ ರಿಮ್ ಬ್ರೇಕ್). ರೋಡ್ ಲಿವರ್ ಅದಕ್ಕೆ ಬೇಕಾದಷ್ಟು ಕೇಬಲ್ ಎಳೆಯುವುದಿಲ್ಲ. ಮತ್ತದೇ ಎತ್ತು, ಅದೇ ಕೋಣ. ತೋಳು ಗಿಡ್ಡ ಇರುವ ಮಿನಿ ವಿ-ಬ್ರೇಕ್ ಹುಡುಕುತ್ತಿದ್ದೇನೆ. ಇದನ್ನು ಇನ್ನೂ ಮನೆಯಲ್ಲಿ ಹೇಳಿಲ್ಲ.

ನಿನ್ನೆ ಬೆಳಿಗ್ಗೆ ನಂದಿ ಹತ್ತಿ ಬಂದೆ. 34/34ರಲ್ಲಿ ಮಂಡಿ ಸುಮ್ಮನಿತ್ತು. ಇಳಿಯುವಾಗ ಮೊದಲ ತಿರುವಿನಲ್ಲೇ ಎಡ ಹೆಬ್ಬೆರಳು ತಾನಾಗಿ ಎಂಟಿಬಿಯಲ್ಲಿ ಸೀಟು ತಗ್ಗಿಸುವ ಡ್ರಾಪರ್ ಲಿವರ್ ಒತ್ತಲು ಹೋಯಿತು. ಸಿಕ್ಕಿದ್ದು ಬರೀ ಬಾರ್ ಟೇಪ್.