ಶರತ್ಕಾಲದಲ್ಲಿ ಎಲ್ಲಿಗೆ ಹೋಗೋಣ ಎಂದು ಕೇಳುವವರಿಗೆ

ಶರತ್ಕಾಲ ಶುರುವಾಗುವ ಹೊತ್ತಿಗೆ ನನಗೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. "ಈ ಸಲ ಮನೆಯವರನ್ನೆಲ್ಲ ಕರೆದುಕೊಂಡು ಎಲ್ಲಿಗೆ ಹೋಗಬಹುದು? ರಜೆ ಜಾಸ್ತಿ ಇಲ್ಲ, ಖರ್ಚು ಮಾಡುವ ಮನಸ್ಸೂ ಇಲ್ಲ. ಆದರೆ ಈ ಕಾಲ ಸುಮ್ನೆ ಕಳೆದುಹೋಗಬಾರದು." ನಾನು ಋತುಗಳ ಬಗ್ಗೆ ಆಗಾಗ ಬರೆಯುತ್ತೇನೆ, ಅದಕ್ಕೇ ನನ್ನನ್ನು ಕೇಳುತ್ತಾರೆ.

ನನ್ನ ಉತ್ತರ ಇಷ್ಟೇ. ಎಲ್ಲಿಗೂ ಹೋಗಬೇಡಿ. ಹೊತ್ತು ಮುಳುಗುವುದಕ್ಕೆ ಸ್ವಲ್ಪ ಮುಂಚೆ ಮನೆಯಿಂದ ಹೊರಗೆ ಬನ್ನಿ. ನಿಮ್ಮವರನ್ನು ಕೂಗಿ ಕರೆಯಿರಿ. ಕಣ್ಣಿಗೆ ಬಿದ್ದದ್ದನ್ನು ಒಬ್ಬರಿಗೊಬ್ಬರು ತೋರಿಸಿ.

ಇಷ್ಟು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಭೂಮಿ ಸುಮಾರು 23.5 ಡಿಗ್ರಿ ವಾಲಿಕೊಂಡು ಸೂರ್ಯನನ್ನು ಸುತ್ತುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಸೆಪ್ಟೆಂಬರ್ 22 ಅಥವಾ 23ರಂದು ಹಗಲು ರಾತ್ರಿ ಹೆಚ್ಚುಕಡಿಮೆ ಸಮ. ಉತ್ತರಾರ್ಧದವರಿಗೆ ಅಲ್ಲಿಂದ ಶರತ್ಕಾಲ. ದಕ್ಷಿಣಾರ್ಧದವರಿಗೆ ಅದು ಬರುವುದು ಮಾರ್ಚ್ 20ರ ಆಸುಪಾಸಿನಲ್ಲಿ. ಶಾಲೆಯಲ್ಲಿ ಹೆಚ್ಚು ಒತ್ತಿ ಹೇಳದ ಒಂದು ಮಾತಿದೆ. ಹಗಲಿನ ಉದ್ದ ವರ್ಷದಲ್ಲಿ ಅತಿ ವೇಗವಾಗಿ ಬದಲಾಗುವುದು ಈ ಸಮದಿನಗಳ ಹತ್ತಿರವೇ. ಜೂನ್ ಕೊನೆಯಲ್ಲಿ ವಾರಗಟ್ಟಲೆ ಸಂಜೆ ಒಂದೇ ಹೊತ್ತಿಗೆ ಆಗುತ್ತಿರುವಂತೆ ಕಾಣುತ್ತದೆ. ಶರತ್ಕಾಲದಲ್ಲಿ ಹಾಗಲ್ಲ. 50 ಡಿಗ್ರಿ ಅಕ್ಷಾಂಶದ ಊರುಗಳಲ್ಲಿ ಹಗಲು ದಿನಕ್ಕೆ ಮೂರೂವರೆ ನಿಮಿಷಕ್ಕಿಂತ ಜಾಸ್ತಿ ಕಿರಿದಾಗುತ್ತದೆ. ಒಂದು ವಾರಕ್ಕೆ ಲೆಕ್ಕ ಹಾಕಿ, ಹತ್ತಿರ ಹತ್ತಿರ ಅರ್ಧ ಗಂಟೆ. ಭೂಮಧ್ಯರೇಖೆಗೆ ಹತ್ತಿರವಿರುವ ಕಡೆ ಈ ವ್ಯತ್ಯಾಸ ದಿನಕ್ಕೆ ಒಂದು ನಿಮಿಷವೂ ಇರುವುದಿಲ್ಲ.

ಆದರೆ ಎಲ್ಲೇ ಇರಿ, ಸೂರ್ಯ ಮುಳುಗುವ ಜಾಗ ಮಾತ್ರ ಜರುಗುತ್ತಲೇ ಇರುತ್ತದೆ. ನನ್ನ ಮಟ್ಟಿಗೆ ಶರತ್ಕಾಲದ ಮೊದಲ ಖುಷಿ ಇದೇ. ಸಮದಿನದ ಆಸುಪಾಸಿನಲ್ಲಿ ಸೂರ್ಯ ಮುಳುಗುವ ಜಾಗ ಒಂದೇ ವಾರದಲ್ಲಿ ಸೂರ್ಯನದೇ ಅಗಲದ ಐದು ಪಟ್ಟಿಗಿಂತ ಜಾಸ್ತಿ ಪಕ್ಕಕ್ಕೆ ಸರಿದಿರುತ್ತದೆ. ಭೂಮಿಯ ಯಾವ ಮೂಲೆಯಲ್ಲಿ ನಿಂತು ನೋಡಿದರೂ ಕನಿಷ್ಠ ಅಷ್ಟು. ಮಕ್ಕಳಿಗೆ ಇದನ್ನು ತೋರಿಸಿ. ಮಾಳಿಗೆಯ ಮೇಲೋ ಬಯಲಲ್ಲೋ ಒಂದು ಜಾಗ ಹಿಡಿದು ನಿಲ್ಲಿ. ಸೂರ್ಯ ಯಾವ ಮರದ ಹಿಂದೆ, ಯಾವ ಕಟ್ಟಡದ ಯಾವ ಮೂಲೆಯಲ್ಲಿ ಇಳಿದ ಎಂದು ಗುರುತಿಟ್ಟುಕೊಳ್ಳಿ. ಮುಂದಿನ ವಾರ ಅದೇ ಜಾಗದಲ್ಲಿ ನಿಂತರೆ ಗುರುತು ತಪ್ಪಿರುತ್ತದೆ. ನಾವು ನಿಂತಿರುವ ಭೂಮಿ ಚಲಿಸುತ್ತಿದೆ ಎನ್ನುವುದು ಪುಸ್ತಕದಿಂದ ಎದ್ದು ಕಣ್ಣೆದುರಿಗೆ ಬರುತ್ತದೆ. ನನ್ನ ಮಗಳು ಇದನ್ನು ಮೊದಲು ಕಂಡಾಗ ನನ್ನ ಕೈ ಹಿಡಿದು ಎಳೆದು, "ನೀವು ಹೋದ ವಾರ ಇಲ್ಲೇ ನಿಂತಿದ್ರಾ? ಸರಿಯಾಗಿ ಹೇಳಿ" ಎಂದು ನನ್ನನ್ನೇ ವಿಚಾರಿಸಿಕೊಂಡಳು. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಈಗ ಎಲ್ಲರೂ ಆ ಗುರುತಿನ ಮೇಲೆಯೇ ನಿಲ್ಲಬೇಕು.

ಇದೇ ವಾಲಿಕೆಯ ಇನ್ನೊಂದು ಫಲ ಮನೆಯೊಳಗೇ ಇದೆ. ಸೂರ್ಯ ಕೆಳಗಿಳಿದಷ್ಟೂ ಬಿಸಿಲು ಕಿಟಕಿಯಿಂದ ಇನ್ನಷ್ಟು ಒಳಗೆ ಬರುತ್ತದೆ. ಉತ್ತರಾರ್ಧದಲ್ಲಿ ದಕ್ಷಿಣದ ಕಿಟಕಿ, ದಕ್ಷಿಣಾರ್ಧದಲ್ಲಿ ಉತ್ತರದ ಕಿಟಕಿ. ಬೇಸಿಗೆಯ ನಡು ಮಧ್ಯಾಹ್ನ ಹೊಸ್ತಿಲ ಹತ್ತಿರವೇ ನಿಂತುಬಿಟ್ಟಿದ್ದ ಬೆಳಕು ಈಗ ಕೋಣೆಯ ನಡುವಿನವರೆಗೆ ಬಂದು ಬೀಳುತ್ತದೆ. ನಮ್ಮ ಅಮ್ಮನ ಕುರ್ಚಿ ಈ ಕಾಲದಲ್ಲಿ ಒಂದು ಕಡೆ ನಿಲ್ಲುವುದಿಲ್ಲ. ಬಿಸಿಲು ಸರಿದ ಹಾಗೆ ಕುರ್ಚಿಯೂ ಸರಿಯುತ್ತದೆ. ಸರಿಸಲು ಯಾರಾದರೂ ಬರಬೇಕು, ಬಂದವರು ಒಂದೆರಡು ಮಾತಾಡಿಯೇ ಹೋಗಬೇಕು. ಹೊರಗೆ ನಡೆಯಲಾಗದ ಹಿರಿಯರು ಮನೆಯಲ್ಲಿದ್ದರೆ ಶರತ್ಕಾಲವನ್ನು ಅವರ ಹತ್ತಿರಕ್ಕೆ ತರುವುದು ಇಷ್ಟು ಸುಲಭ. ಕುರ್ಚಿ ಸರಿಸಿ, ಪಕ್ಕದಲ್ಲಿ ನೆಲದ ಮೇಲೆ ಕೂತುಕೊಳ್ಳಿ. ಅವರು ಹೇಳುವ ಹಳೆಯ ಮಾತು ಮೊದಲೇ ಕೇಳಿದ್ದರೂ ಮತ್ತೆ ಕೇಳಿ.

ಎಲೆಗಳ ವಿಷಯಕ್ಕೆ ಬರುತ್ತೇನೆ. ಶರತ್ಕಾಲ ಅಂದರೆ ಎಲ್ಲರೂ ಮೊದಲು ಎಲೆಯ ಬಣ್ಣದ ಮಾತು ಎತ್ತುತ್ತಾರೆ. ಬೆಚ್ಚಗಿನ ನಾಡುಗಳಲ್ಲಿ ಕಾಡಿಗೆ ಕಾಡೇ ಕೆಂಪಾಗುವುದಿಲ್ಲ, ನಿಜ. ಆದರೆ ಹಣ್ಣಾಗಿ ಉದುರುವ ಎಲೆ ಎಲ್ಲ ಕಡೆಯೂ ಇದೆ. ಒಂದು ಎಲೆ ಕೈಯಲ್ಲಿ ಹಿಡಿದುಕೊಂಡರೆ ಅರ್ಧ ಗಂಟೆ ಮಾತಾಡುವಷ್ಟು ವಿಷಯ ಅದರಲ್ಲಿದೆ. ಹಸಿರು ಬಣ್ಣ ಕೊಡುವುದು ಕ್ಲೋರೊಫಿಲ್. ಹಗಲು ಕಿರಿದಾಗಿ, ತಂಪು ಏರಿದಂತೆ ಗಿಡ ಅದನ್ನು ಒಡೆದು, ಎಲೆಯೊಳಗಿನ ಸಾರವನ್ನು ಕಾಂಡಕ್ಕೆ ವಾಪಸ್ ಎಳೆದುಕೊಳ್ಳುತ್ತದೆ. ಹಸಿರು ಹೋದ ಮೇಲೆ ಹಳದಿ ಕಾಣುತ್ತದೆ. ಈ ಹಳದಿ ಹೊಸದಲ್ಲ. ಕ್ಯಾರೊಟಿನಾಯ್ಡ್ ಎಂಬ ಆ ಬಣ್ಣ ಎಲೆಯಲ್ಲಿ ಮೊದಲಿನಿಂದಲೂ ಇತ್ತು, ಹಸಿರಿನಡಿ ಮುಚ್ಚಿಹೋಗಿತ್ತು ಅಷ್ಟೇ. ಕೆಂಪಿನ ಕತೆ ಬೇರೆ. ಅದು ಆಂಥೊಸಯಾನಿನ್. ಬಹುಪಾಲು ಮರಗಳು ಅದನ್ನು ಈ ಕಾಲದಲ್ಲೇ, ಎಲೆಯಲ್ಲಿ ಉಳಿದ ಸಕ್ಕರೆಯಿಂದ ಹೊಸದಾಗಿ ತಯಾರಿಸುತ್ತವೆ. ಹಗಲು ಒಳ್ಳೆಯ ಬಿಸಿಲಿದ್ದು, ರಾತ್ರಿ ಹೆಪ್ಪುಗಟ್ಟದಷ್ಟು ತಂಪಿದ್ದರೆ ಕೆಂಪು ಚೆನ್ನಾಗಿ ಬರುತ್ತದೆ. ಉದುರಿಹೋಗಲಿರುವ ಎಲೆಗೆ ಗಿಡ ಯಾಕೆ ಇಷ್ಟು ಕಷ್ಟಪಟ್ಟು ಬಣ್ಣ ಹಾಕುತ್ತದೆ? ಬಿಸಿಲಿನ ಹೊಡೆತದಿಂದ ಎಲೆಯನ್ನು ಕಾಯಲು ಎಂದು ಕೆಲವು ವಿಜ್ಞಾನಿಗಳು, ಹುಳುಗಳನ್ನು ದೂರವಿಡಲು ಎಂದು ಇನ್ನು ಕೆಲವರು. ಚರ್ಚೆ ಇನ್ನೂ ನಡೆದಿದೆ. ಮಕ್ಕಳನ್ನು ಕೇಳಿ ನೋಡಿ, ಅವರದೂ ಒಂದು ಅಭಿಪ್ರಾಯ ಇರುತ್ತದೆ.

ತೊಟ್ಟಿನ ಬುಡವನ್ನೂ ತೋರಿಸಿ. ಗಾಳಿ ಎಲೆಯನ್ನು ಕೀಳುತ್ತದೆ ಎಂದುಕೊಂಡಿರುತ್ತೇವೆ. ಅದಕ್ಕೂ ಮುಂಚೆಯೇ ಗಿಡ ಅಲ್ಲೊಂದು ಪದರ ಬೆಳೆಸಿ ನಂಟನ್ನು ಸಡಿಲಗೊಳಿಸಿರುತ್ತದೆ, ಗಾಯವನ್ನೂ ಮುಚ್ಚಿಕೊಂಡಿರುತ್ತದೆ. ಗಿಂಕ್ಗೊ ಮರ ಇರುವ ಕಡೆ ನೀವಿದ್ದರೆ ಬೆಳಿಗ್ಗೆ ಬೇಗ ಎದ್ದು ಕಾಯಬೇಕು. ಮೊದಲ ಗಟ್ಟಿ ಹಿಮ ಬಿದ್ದ ಮೇಲೆ ಅದು ಎಲೆಗಳನ್ನೆಲ್ಲ ಒಂದೆರಡು ದಿನದಲ್ಲಿ, ಕೆಲವು ಸಲ ಕೆಲವೇ ಗಂಟೆಗಳಲ್ಲಿ ಸುರಿದುಬಿಡುತ್ತದೆ. ಅದರ ಕೆಳಗೆ ಪುಟ್ಟ ಮಕ್ಕಳನ್ನು ನಿಲ್ಲಿಸುವುದಕ್ಕಿಂತ ದೊಡ್ಡ ಸಡಗರ ನನಗೆ ತೋಚುವುದಿಲ್ಲ.

ಇನ್ನು ಗೆಳೆಯರು. ಗೆಳೆಯರ ಜೊತೆ ಈ ಕಾಲದಲ್ಲಿ ನಡೆಯಬೇಕು ಎಂದು ನಾನು ಹಟ ಮಾಡಿ ಹೇಳುತ್ತೇನೆ. ಎದುರುಬದುರು ಕೂತಾಗ ಬಾಯಿಗೆ ಬಾರದ ಮಾತು ಪಕ್ಕಪಕ್ಕದಲ್ಲಿ ನಡೆಯುವಾಗ ಬರುತ್ತದೆ. ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲ. ಮಾತು ನಿಂತರೆ ಕಾಲಡಿ ಒಣಗಿದ ಎಲೆಯ ಸದ್ದಿದೆ. ಕತ್ತಲಾದರೆ ಇನ್ನೂ ಸಲೀಸು. ಮನೆಯಲ್ಲಿ ಸಾವಾಗಿದ್ದ ಗೆಳೆಯನೊಬ್ಬನ ಜೊತೆ ನಾನು ಒಂದು ಇಡೀ ಶರತ್ಕಾಲ ಸಂಜೆ ಸಂಜೆ ನಡೆದಿದ್ದೇನೆ. ಮೊದಮೊದಲು ಅವನು ಮಾತೇ ಆಡುತ್ತಿರಲಿಲ್ಲ. ನಾನೂ ಕೇಳಲಿಲ್ಲ. ಒಂದು ಸಂಜೆ ಹಕ್ಕಿಗಳ ಸಾಲು ತಲೆಯ ಮೇಲೆ ಹೋಯಿತು. ಅವನು ನಿಂತು ನೋಡಿ, "ಅಪ್ಪ ಇದ್ದಿದ್ದರೆ ಎಷ್ಟಿವೆ ಅಂತ ಎಣಿಸೋರು" ಎಂದ. ಅಲ್ಲಿಂದ ಅವನ ಮಾತು ಶುರುವಾಯಿತು.

ಆ ಹಕ್ಕಿಸಾಲಿನ ಬಗ್ಗೆಯೂ ಹೇಳಬೇಕು. ಶರತ್ಕಾಲ ವಲಸೆಯ ಕಾಲ. ಬಾತುಗಳು ಇಂಗ್ಲಿಷ್‌ನ ವಿ ಅಕ್ಷರದ ಆಕಾರದಲ್ಲಿ ಹಾರುವುದಕ್ಕೆ ಕಾರಣವಿದೆ. ಮುಂದಿನ ಹಕ್ಕಿಯ ರೆಕ್ಕೆಯ ತುದಿಯಿಂದ ಮೇಲೇಳುವ ಗಾಳಿ ಹಿಂದಿನದಕ್ಕೆ ಆಸರೆಯಾಗುತ್ತದೆ. ದಣಿವು ಕಡಿಮೆಯಾಗುತ್ತದೆ. ಆದರೆ ನನ್ನನ್ನು ಬೆರಗುಗೊಳಿಸಿದ್ದು ಮರಿಯೊಂದರ ಕತೆ. 2022ರ ಅಕ್ಟೋಬರ್‌ನಲ್ಲಿ, ಹುಟ್ಟಿ ಸುಮಾರು ಐದು ತಿಂಗಳಾಗಿದ್ದ ಬಾರ್‌ಟೇಲ್ಡ್ ಗಾಡ್‌ವಿಟ್ ಎಂಬ ಹಕ್ಕಿ ಅಲಾಸ್ಕಾದಿಂದ ಹೊರಟಿತು. ಅದರ ಮೈಮೇಲೆ ಉಪಗ್ರಹಕ್ಕೆ ಸುಳಿವು ಕೊಡುವ ಚಿಕ್ಕ ಸಾಧನವಿತ್ತು. 11 ದಿನ ಎಲ್ಲೂ ಇಳಿಯದೆ ಹಾರಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ತಲುಪಿತು. 13,560 ಕಿಲೋಮೀಟರ್. ನಡುವೆ ಊಟವಿಲ್ಲ, ನೀರಿಲ್ಲ, ಕೂರಲು ಕೊಂಬೆಯಿಲ್ಲ. ಇದನ್ನು ಹೇಳಿ ಮುಗಿಸಿದ ಮೇಲೆ ಯಾವ ಮಗುವೂ ಹಾರುವ ಹಕ್ಕಿಯನ್ನು ಸುಮ್ಮನೆ ಬಿಡುವುದಿಲ್ಲ. ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಲೇ ಇರುತ್ತದೆ.

ಕತ್ತಲಾದ ಮೇಲೂ ಒಳಗೆ ಹೋಗುವ ಅವಸರ ಬೇಡ. ಸಮದಿನಕ್ಕೆ ಅತಿ ಹತ್ತಿರದ ಹುಣ್ಣಿಮೆಗೆ ಉತ್ತರದ ದೇಶಗಳಲ್ಲಿ ಸುಗ್ಗಿಯ ಚಂದ್ರ ಎನ್ನುತ್ತಾರೆ. ಸಾಮಾನ್ಯವಾಗಿ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಈ ಹುಣ್ಣಿಮೆಯ ಆಸುಪಾಸಿನಲ್ಲಿ ಉತ್ತರದ ನಡು ಅಕ್ಷಾಂಶಗಳಲ್ಲಿ ಆ ಅಂತರ ಅರ್ಧ ಗಂಟೆ ಅಥವಾ ಅದಕ್ಕಿಂತ ಕಡಿಮೆ. ಹಾಗಾಗಿ ಸತತ ಕೆಲವು ಸಂಜೆ ಹೊತ್ತು ಮುಳುಗುವ ಹೊತ್ತಿಗೇ ದೊಡ್ಡ ಚಂದ್ರ ಎದುರಿಗೆ ಏಳುತ್ತಾನೆ. ಒಂದು ದಿನ ತಪ್ಪಿಸಿಕೊಂಡವರಿಗೆ ಮರುದಿನ ಇದೆ. ಕೆಲಸ ಮುಗಿಸಿ ತಡವಾಗಿ ಬರುವ ಅಣ್ಣನನ್ನೋ ಅಕ್ಕನನ್ನೋ ಕಾಯಲು ಇದಕ್ಕಿಂತ ಒಳ್ಳೆಯ ಅನುಕೂಲ ಬೇಕೇ?

ಆಮೇಲೆ ಉಲ್ಕೆಗಳು. ಇದು ನನಗೆ ಎಲ್ಲಕ್ಕಿಂತ ಪ್ರೀತಿಯ ವಿಷಯ. ಅಕ್ಟೋಬರ್ 21ರ ಆಸುಪಾಸಿನಲ್ಲಿ, ನಡುರಾತ್ರಿ ಕಳೆದ ಮೇಲೆ, ಓರಿಯಾನಿಡ್ ಉಲ್ಕೆಗಳು ಬೀಳುತ್ತವೆ. ಕತ್ತಲೆ ಚೆನ್ನಾಗಿದ್ದರೆ ಗಂಟೆಗೆ ಹತ್ತಿಪ್ಪತ್ತು ಕಾಣಬಹುದು. ಇವು ಹ್ಯಾಲಿ ಧೂಮಕೇತು ಹಿಂದೆ ಬಿಟ್ಟುಹೋದ ಧೂಳು. ಮರಳಿನ ಕಾಳಿನಷ್ಟು ಸಣ್ಣ ಕಣಗಳು ಸೆಕೆಂಡಿಗೆ ಸುಮಾರು 66 ಕಿಲೋಮೀಟರ್ ವೇಗದಲ್ಲಿ ನಮ್ಮ ಗಾಳಿಯನ್ನು ಹೊಕ್ಕು ಉರಿಯುತ್ತವೆ. ಅದೇ ಧೂಮಕೇತುವಿನ ಧೂಳು ಮೇ ಮೊದಲ ವಾರದಲ್ಲೂ ಸಿಗುತ್ತದೆ, ಆಗ ದಕ್ಷಿಣಾರ್ಧದಲ್ಲಿ ಶರತ್ಕಾಲ. ಅಂದರೆ ಭೂಮಿಯ ಎರಡೂ ಕಡೆಯವರಿಗೆ ಈ ಕಾಲದಲ್ಲಿ ಹ್ಯಾಲಿಯ ಪಾಲು ಬರುತ್ತದೆ! ಹ್ಯಾಲಿ ನಮಗೆ ಕೊನೆಯ ಸಲ ಕಂಡದ್ದು 1986ರಲ್ಲಿ. ಮತ್ತೆ ಬರುವುದು 2061ರಲ್ಲಿ. ಆಗ ನೋಡಿದ್ದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರನ್ನು ಎಬ್ಬಿಸಿ ಹೊದಿಸಿ ಕೂರಿಸಿ. ಪಕ್ಕದಲ್ಲಿ ಚಿಕ್ಕ ಮಗುವನ್ನು ಕೂರಿಸಿ. ಒಬ್ಬರು ಅದು ಹೋದದ್ದನ್ನು ಕಂಡವರು, ಇನ್ನೊಬ್ಬರು ನಡುವಯಸ್ಸಿನಲ್ಲಿ ಅದು ಬರುವುದನ್ನು ಕಾಣುವವರು. ನಡುವೆ ಉದುರುವ ಧೂಳನ್ನು ಇಬ್ಬರೂ ಒಟ್ಟಿಗೆ ನೋಡಬಹುದು. ಫೋನ್ ಬೆಳಕು ಬೇಡ, ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕು. ನೆಲದ ಮೇಲೆ ಚಾಪೆ ಹಾಸಿ ಮಲಗಿಬಿಟ್ಟರೆ ಕುತ್ತಿಗೆ ನೋಯುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. "ನಾವು ಕರೆದರೆ ಮನೆಯಲ್ಲಿ ಯಾರೂ ಬರೋದೇ ಇಲ್ಲ, ಏನು ಮಾಡೋದು?" ಈ ನೋವು ನನಗೆ ಅರ್ಥವಾಗುತ್ತದೆ. ನನ್ನ ಅನುಭವ ಹೇಳುತ್ತೇನೆ. "ಬನ್ನಿ, ಹೊರಗೆ ಕೂರೋಣ" ಎಂದರೆ ಯಾರೂ ಏಳುವುದಿಲ್ಲ. "ಬೇಗ ಬಾ, ಚಂದ್ರ ಆ ಕಟ್ಟಡದ ಹಿಂದಿನಿಂದ ಏಳ್ತಿದಾನೆ, ಐದೇ ನಿಮಿಷ" ಎಂದರೆ ಬರುತ್ತಾರೆ. ಇಂಥದ್ದು, ಇಷ್ಟು ಹೊತ್ತು ಎಂದು ಹೇಳಿ ಕರೆಯಬೇಕು. ಹರೆಯದ ಮಕ್ಕಳ ಕೈಯಿಂದ ಫೋನ್ ಕಿತ್ತುಕೊಳ್ಳಬೇಡಿ. ವಾರಕ್ಕೊಮ್ಮೆ ಒಂದೇ ಜಾಗದಿಂದ ಸೂರ್ಯ ಮುಳುಗುವ ಫೋಟೊ ತೆಗೆಯುವ ಕೆಲಸ ಅವರಿಗೇ ವಹಿಸಿ. ನಾಲ್ಕೈದು ಫೋಟೊ ಸಾಲಾಗಿ ಇಟ್ಟಾಗ ಅವರೇ ನಿಮ್ಮನ್ನು ಕರೆದು ತೋರಿಸುತ್ತಾರೆ. ದೂರದಲ್ಲಿರುವವರಿಗೆ ಚಂದ್ರ ಹುಟ್ಟಿದ ಕೂಡಲೇ ಫೋನ್ ಮಾಡಿ, ಅವರೂ ಹೊರಗೆ ಬಂದು ನೋಡಲಿ. ಅವರ ಕಡೆ ಇನ್ನೂ ಹಗಲಾಗಿದ್ದರೆ ನೀವು ಕಂಡದ್ದನ್ನು ಬಾಯಲ್ಲಿ ಹೇಳಿ.

ಈ ವಾರ ಯಾರೂ ಬಾರದಿದ್ದರೆ ನೀವೊಬ್ಬರೇ ಹೋಗಿ ನೋಡಿ ಬನ್ನಿ, ಊಟದ ಹೊತ್ತಿಗೆ ಅವರಿಗೆ ವಿವರವಾಗಿ ಹೇಳಿ. ಮುಂದಿನ ವಾರ ಮತ್ತೆ ಕರೆಯಿರಿ. ಈ ವಾರಕ್ಕಿಂತ ಸ್ವಲ್ಪ ಮುಂಚೆಯೇ ಕರೆಯಬೇಕು. ಅಷ್ಟರಲ್ಲಿ ಸಂಜೆ ಇನ್ನೂ ಬೇಗ ಆಗುತ್ತಿರುತ್ತದೆ.